ಪೂರ್ವಕ್ಕೆ ಅಗಳು

ಪೂರ್ವಕ್ಕೆ ಎಂದು ಬರೆದು ಪಕ್ಕದಲ್ಲಿ ಎರಡು ಚುಕ್ಕಿ ಇಟ್ಟ ಮೇಲೆ ರುದ್ರಾಣಿಯ ಕೈ ನಿಂತುಹೋಯಿತು. ಮೂವತ್ತೆರಡು ವರ್ಷಗಳಿಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುತ್ತ ಬಂದವಳು. ಆ ಎರಡು ಚುಕ್ಕಿಯ ಮುಂದೆ ಒಮ್ಮೆಯೂ ತಡವರಿಸಿದವಳಲ್ಲ. ಚನ್ನಗಿರಿಯ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ, ಒಂದು ಕಡೆ ಜೆರಾಕ್ಸ್ ಅಂಗಡಿ, ಇನ್ನೊಂದು ಕಡೆ ಗಂಗೋತ್ರಿಯ ಆನ್‌ಲೈನ್ ಸೆಂಟರು, ನಡುವೆ ಒಂದು ಮೇಜು, ಒಂದು ಬೆಂಚು ಹಿಡಿಸುವಷ್ಟು ಕೋಣೆ. ಅಲ್ಲಿ ಕೂತುಕೊಂಡೇ ಅವಳು ಈ ಸೀಮೆಯ ಸಾವಿರಾರು ಹೊಲ, ಹಿತ್ತಲು, ಮನೆ, ಕೊಟ್ಟಿಗೆಗಳ ನಾಲ್ಕು ದಿಕ್ಕು ಬರೆದಿದ್ದಳು. ಒಂದನ್ನೂ ಹೋಗಿ ನೋಡಿರಲಿಲ್ಲ. ನೋಡುವ ಪದ್ಧತಿ ಆ ಕಸುಬಿನಲ್ಲೇ ಇಲ್ಲ. ಹಳೇ ಪತ್ರ ಮುಂದಿಟ್ಟುಕೊಂಡು ಅದರಲ್ಲಿದ್ದ ಚಕ್ಕುಬಂದಿಯನ್ನು, ಅಂದರೆ ಯಾವ ದಿಕ್ಕಿಗೆ ಏನಿದೆ ಎಂಬುದನ್ನು, ಹೊಸ ಪತ್ರಕ್ಕೆ ಇಳಿಸುವುದು. ಆ ಹಳೇ ಪತ್ರದವನು ಅದಕ್ಕಿಂತ ಹಳೆಯದನ್ನು ನೋಡಿ ಇಳಿಸಿರುತ್ತಾನೆ. ಹೀಗಾಗಿ ನೆಲದ ಮೇಲೆ ಎಂದೋ ಬಿದ್ದುಹೋದದ್ದು ಕಾಗದದಲ್ಲಿ ಬೀಳುವುದಿಲ್ಲ. ಪಶ್ಚಿಮಕ್ಕೆ ಊರಬಾಗಿಲು ಎಂದಿರುತ್ತದೆ, ಅಲ್ಲಿ ಹೋಗಿ ನೋಡಿದರೆ ಮೊಬೈಲ್ ರೀಚಾರ್ಜ್ ಅಂಗಡಿ. ಉತ್ತರಕ್ಕೆ ಕೊತ್ತಲದ ಬುಡ ಎಂದಿರುತ್ತದೆ, ಅಲ್ಲಿ ಪಂಚಾಯ್ತಿಯ ನೀರಿನ ಟ್ಯಾಂಕು. ಅವಳಿಗೆ ಕಸುಬು ಕಲಿಸಿದ ಗೋಣೆಪ್ಪನವರು ಹೇಳುತ್ತಿದ್ದರು: "ಚಕ್ಕುಬಂದಿ ನಿಮ್ಮಪ್ಪನ ಆಸ್ತಿ ಅಲ್ಲವ್ವ. ಇದ್ದದ್ದನ್ನ ಇದ್ದಂಗೆ ಇಳಿಸು. ನಿನಗೆ ಅರ್ಥ ಆಗ್ದಿದ್ರೂ ಇಳಿಸು. ಅರ್ಥ ಆಗೋನು ಒಬ್ಬ ಎಲ್ಲೋ ಇರ್ತಾನೆ." ಇವತ್ತಿನ ತಮಾಷೆಯೆಂದರೆ ಮೇಜಿನ ಮೇಲಿದ್ದದ್ದು ನಿಜಕ್ಕೂ ಅವಳ ಅಪ್ಪನ ಆಸ್ತಿ. ತವರೂರು ಕಲ್ಗೊಂದಿಯ ಕೋಟೆ ಹಿತ್ತಲು. ಹಳೇ ಪತ್ರದಲ್ಲಿ, ಬಾಲ ಎಳೆದ ಮೋಡಿ ಅಕ್ಷರದಲ್ಲಿ, ಪೂರ್ವಕ್ಕೆ ಊರ ಕೋಟೆ ಅಗಳು ಎಂದು ಸ್ಪಷ್ಟವಾಗಿ ಇತ್ತು. ಅದನ್ನು ಬಿಟ್ಟು ಚರಂಡಿ ಎಂದು ಬರೆ ಎಂದು ತಮ್ಮ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದ. ಮೆಣಸಿನಕಾಯಿ ಒಂದೆರಡು ಕಡಿಮೆ ಹಾಕು ಎನ್ನುವ ದನಿಯಲ್ಲಿ.

ಕೋಟೆ ಬಿದ್ದರೂ ಕೋಟೆಯ ಮಾತಿಗೆ ಬರ ಇಲ್ಲ ಎಂದು ಅವಳಿಗೆ ಎಷ್ಟೋ ಸಲ ಅನಿಸಿದೆ. ರಾತ್ರಿ ಊಟಕ್ಕೆ ಕೂತರೆ ಗಂಡ ಹಾಕಿದ ಟೀವಿಯಲ್ಲಿ ಯಾವುದೋ ಪಕ್ಷದ ಭದ್ರಕೋಟೆ ಛಿದ್ರವಾಗುತ್ತಿರುತ್ತದೆ. ಅನ್ನ ಕಲಸುವುದರೊಳಗೆ ಇನ್ನೊಂದು ಪಕ್ಷದವರು ಅದಕ್ಕೆ ಲಗ್ಗೆ ಹಾಕಿರುತ್ತಾರೆ. ರಾಜ್ಯೋತ್ಸವದ ಭಾಷಣ ಮಾಡುವವರೆಲ್ಲ ಕೋಟೆಕೊತ್ತಲಗಳ ನಾಡು ಎನ್ನುತ್ತಾರೆ. ಕೋಟೆ ಸರಿ, ಕೊತ್ತಲ ಎಂದರೇನು ಎಂದು ವೇದಿಕೆ ಇಳಿದ ಮೇಲೆ ಕೇಳಿದರೆ ಅದು ಕೋಟೆಯ ತಮ್ಮನಿರಬೇಕು ಎಂಬಂತೆ ನೋಡುತ್ತಾರೆ. ಬುರುಜು ಹೊನ್ನಾಳಿ ರಸ್ತೆಯ ಒಂದು ಡಾಬಾದ ಬೋರ್ಡಿಗೆ ಏರಿದೆ. ದಿಡ್ಡಿ ಬಾಗಿಲು, ಶತ್ರು ಮುತ್ತಿದಾಗ ಅರಸು ಮನೆಯವರು ನುಸುಳಿ ಪಾರಾಗುತ್ತಿದ್ದ ಕಿರುಬಾಗಿಲು, ಈಗ ಮದುವೆ ಛತ್ರದ ಹಿಂದೆ ಎಂಜಲೆಲೆ ಹೊರಗೆ ಹಾಕುವ ಬಾಗಿಲು. ಗಂಗೋತ್ರಿ, ನಲವತ್ತು ದಾಟಿದ ಗಟ್ಟಿಗಿತ್ತಿ, ತನ್ನ ಕಂಪ್ಯೂಟರ್ ಮುನಿಸಿಕೊಂಡಾಗ "ಫೈರ್‌ವಾಲ್ ಬಿಡ್ತಿಲ್ಲ ಅಕ್ಕಾ" ಎಂದು ಗೋಡೆಯಾಚೆಯಿಂದ ಕೂಗುತ್ತಾಳೆ. ಇಡೀ ಬೀದಿಯಲ್ಲಿ ಈಗಲೂ ಯಾರನ್ನಾದರೂ ತಡೆದು ನಿಲ್ಲಿಸುವ ಗೋಡೆ ಅದೊಂದೇ. ಇಷ್ಟೆಲ್ಲ ಪದಗಳು ಮೆರವಣಿಗೆ ಹೊರಟಿರುವಾಗ ಅಗಳು ಮಾತ್ರ ಯಾರಿಗೂ ಬೇಡವಾಗಿತ್ತು. ಅಗಳೆಂದರೆ ಕೋಟೆಯ ಸುತ್ತ ತೋಡಿದ ತಗ್ಗು. ತಗ್ಗನ್ನು ಯಾವ ಪಕ್ಷವೂ ತನ್ನದೆಂದು ಹೇಳಿಕೊಳ್ಳುವುದಿಲ್ಲ.

ಹನ್ನೊಂದು ಗಂಟೆಗೆ ತಮ್ಮ ಗುರುಬಸವರಾಜ್ ಬಂದ. ಜೊತೆಗೆ ಕೊಳ್ಳುವವನು, ಜಗಳೂರು ಕಡೆಯ ನಿಂಗರಾಜ್. ಬಿಳಿ ಅಂಗಿ, ತೋಳಿನ ಕೆಳಗೆ ಚರ್ಮದ ಕೈಚೀಲ, ಕೂತ ಕಡೆಯೆಲ್ಲ ತನ್ನ ಮನೆಯ ಪಡಸಾಲೆ ಎಂಬಂಥ ಸಲಿಗೆ. ಅವನು ಮೇಜಿನ ಮೇಲೆ ಹೊಳೆಯುವ ಕಾಗದವೊಂದನ್ನು ಹರಡಿದ. ಕೋಟೆ ಸಿರಿ ಎನ್‌ಕ್ಲೇವ್. ಮೇಲೆ ಕೆಂಪುಕಲ್ಲಿನ ಭಾರೀ ಕೋಟೆಯೊಂದರ ಚಿತ್ರ, ಅದರ ಮುಂದೆ ಒಂಟೆ.

"ಇದು ನಮ್ಮ ಕಡೇದಲ್ಲ" ಎಂದಳು ರುದ್ರಾಣಿ.

"ಅಲ್ಲ ಮೇಡಂ, ರಾಜಸ್ಥಾನದ್ದು. ನಮ್ಮದು ಫೋಟೋಕ್ಕೆ ಬರಲ್ಲ" ಎಂದು ನಿಂಗರಾಜ್ ಪ್ರಾಮಾಣಿಕವಾಗಿ ಒಪ್ಪಿಕೊಂಡ. "ಸುತ್ತಾಲು ಎಂಟಡಿ ಕಾಂಪೌಂಡ್ ಹಾಕ್ತೀವಿ. ಒಂದೇ ಗೇಟು. ಮೂಲ್ಯಾಗೆ ವಾಚ್ ಟವರ್, ಅದ್ರಾಗೆ ಕ್ಯಾಮೆರಾ. ಶಿವಮೊಗ್ಗದ ರಿಟೈರ್ಡ್ ಜನ ಆಗ್ಲೇ ಕೇಳಾಕೆ ಹತ್ಯಾರೆ. ಸೇಫ್ಟಿ ಬೇಕು ನೋಡ್ರಿ ಈಗ ಎಲ್ಲರಿಗೂ."

"ಕೋಟೆ ಕಟ್ತೀರಿ ಅನ್ರಿ."

"ಹಂಗೇ ಅನ್ಕಳ್ರಿ" ಎಂದು ಅವನು ನಕ್ಕ.

"ಮತ್ತೆ ಅಗಳು ಇದ್ರೆ ಚೆಂದ ಅಲ್ಲೇನ್ರಿ? ಕೋಟೆ ಅಂದ್ಮೇಲೆ."

ತಮ್ಮ ಬೆಂಚಿನ ಮೇಲೆ ಅತ್ತಿತ್ತ ಸರಿದಾಡಿದ. ಅಕ್ಕ ಹಾಸ್ಯ ಮಾಡಲು ಶುರುಮಾಡಿದರೆ ಕೆಲಸ ಕೆಡುತ್ತದೆ ಎಂದು ಅವನಿಗೆ ಚಿಕ್ಕಂದಿನಿಂದ ಗೊತ್ತು. "ಅಕ್ಕಾ, ಅದು ಯಾವ ಕಾಲದ ಮಾತು? ನೀರಿಲ್ಲ, ಮೊಸಳೆ ಇಲ್ಲ. ಕೊಚ್ಚೆ ಹರೀತೈತೆ. ಕೊಚ್ಚೆ ಹರಿಯೋದಕ್ಕೆ ಚರಂಡಿ ಅಂತಾರೆ. ಸುಳ್ಳು ಬರಿ ಅಂತ ನಾ ಹೇಳ್ದೆನಾ?"

"ಅಗಳು ನಲವತ್ತು ಅಡಿ ಅಗಲ ಐತೆ ಗುರು. ಚರಂಡಿ ಅಂದ್ರೆ ಹೆಚ್ಚಂದ್ರೆ ಆರಡಿ. ಉಳಿದ ಮೂವತ್ನಾಲ್ಕು ಅಡಿ ಎಲ್ಲಿಗೆ ಹೋಗ್ತೈತೆ?"

ಎಲ್ಲಿಗೆ ಹೋಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಊರೊಳಗಿನ ಹಿತ್ತಲಿಗೆ ಸರ್ವೆ ಕಲ್ಲು ಇರುವುದಿಲ್ಲ, ಅಳತೆಗಿಂತ ಚಕ್ಕುಬಂದಿಯ ಮಾತೇ ಮೇಲು. ಅಗಳೆಂದು ಇದ್ದರೆ ಹಿತ್ತಲು ಅಗಳಿನ ದಡಕ್ಕೆ ಮುಗಿಯುತ್ತದೆ, ಚರಂಡಿ ಎಂದಾದರೆ ತಗ್ಗಿನ ಆಚೆ ದಡದ ತನಕ ನಡೆದುಕೊಂಡು ಹೋಗುತ್ತದೆ. ಆಚೆ ದಡದಲ್ಲಿ ಹನ್ನೊಂದು ಮನೆ. ಗುಡ್ಡದ ಮಳೆನೀರನ್ನು ಅಗಳು ನುಂಗುವುದರಿಂದಲೇ ಆ ಹನ್ನೊಂದು ಮನೆಗಳಲ್ಲಿ ಒಲೆ ಒಣಗಿರುತ್ತದೆ. ನಿಂಗರಾಜ್ ಸಮಾಧಾನದಲ್ಲಿ ಹೇಳಿದ: "ಅಗಳು ಅಂತ ಇದ್ರೆ ಪ್ಲಾನಿಗೆ ನೂರೆಂಟು ಪ್ರಶ್ನೆ ಹಾಕ್ತಾರೆ ಮೇಡಂ. ಚರಂಡಿ ಅಂದ್ರೆ ಮೇಲೆ ಚಪ್ಪಡಿ ಎಳೆದು ಮುಗಿಸ್ಬೋದು. ಒಂದು ಪದ. ನೀವು ದಿನಾ ಸಾವಿರ ಪದ ಬರೀತೀರಿ."

"ನಾ ಬರೆಯಲ್ಲ" ಎಂದಳು. ಎಂದ ಮೇಲೆ ತನ್ನ ದನಿ ತಾನೇ ಕೇಳಿ ಕೊಂಚ ಬೆಚ್ಚಿದಳು.

ತಮ್ಮ ಸಿಟ್ಟಾಗಲಿಲ್ಲ, ಅದೇ ಹೆಚ್ಚು ನೋವಾಯಿತು. "ಬ್ಯಾಡ ಬಿಡಕ್ಕ. ನಿಂಗ್ಯಾಕೆ ತಲೆಬಿಸಿ. ಗಂಗೋತ್ರಕ್ಕ ಟೈಪ್ ಮಾಡ್ತಾಳೆ. ನೀನು ನಾಳೆ ಬಂದು ಸಹಿ ಹಾಕಿದ್ರೆ ಸಾಕು" ಎಂದು ಎದ್ದ. ಎದುರಿಗಿದ್ದ ಅರ್ಧ ಬರೆದ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು, ಮಡಚಿ ಜೇಬಿಗಿಟ್ಟುಕೊಂಡ. ಅಪ್ಪ ಸತ್ತ ಮೇಲೆ ಆ ಹಿತ್ತಲು ಇಬ್ಬರ ಹೆಸರಿಗೂ ಬಂದಿತ್ತು. ನನಗೇನೂ ಬೇಡ ಎಂದು ಅವಳು ಹನ್ನೆರಡು ವರ್ಷದ ಹಿಂದೆಯೇ ಹೇಳಿ ಮುಗಿಸಿದ್ದಳು. ಹಾಗೆ ಹೇಳುವ ಅಕ್ಕಂದಿರಿಗೆ ತವರಿನಲ್ಲಿ ಸಿಗುವ ಬೆಲ್ಲದಂಥ ಮರ್ಯಾದೆಯನ್ನು ಪ್ರತಿ ಹಬ್ಬಕ್ಕೂ ಉಂಡು ಬಂದಿದ್ದಳು. ಈಗ ಬರಹಗಾರ್ತಿ ಬೇಡವಾಗಿ ಅಕ್ಕ ಮಾತ್ರ ಬೇಕಾಗಿದ್ದಳು. ಅಕ್ಕನೂ ಪೂರ್ತಿ ಅಲ್ಲ, ಅವಳ ಹೆಬ್ಬೆಟ್ಟು ಮತ್ತು ಸಹಿ. ಇಂಥ ಅಕ್ಕತಂಗಿಯರನ್ನು ಅವಳು ಇದೇ ಬೆಂಚಿನ ಮೇಲೆ ಎಷ್ಟು ನೋಡಿಲ್ಲ! ಬೆಳಿಗ್ಗೆ ಬಸ್ಸಿಗೆ ಬರುತ್ತಾರೆ, ಇಲ್ಲಿ ಹಾಕವ್ವ ಎಂದು ಇವಳು ಬೆರಳಿಟ್ಟು ತೋರಿಸಿದ ಕಡೆ ಹಾಕುತ್ತಾರೆ, ಎದುರಿನ ಅಂಗಡಿಯಲ್ಲಿ ಅಣ್ಣನೋ ತಮ್ಮನೋ ಕೊಡಿಸಿದ ಸೀರೆ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತಾರೆ. ಬರಹಗಾರರ ಸಾಲಿನಲ್ಲಿ ಅದಕ್ಕೆ ಸಹಿಸೀರೆ ಎಂದು ಹೆಸರು. ಆ ಹೆಸರು ಇಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ರುದ್ರಾಣಿಗೆ ನೆನಪಿದೆ, ಅವಳೇ.

ನಾ ಬರೆಯಲ್ಲ ಎಂಬ ಮಾತು ಅವಳ ಬಾಯಿಗೆ ಮೂವತ್ತು ವರ್ಷ ತಡವಾಗಿ ಬಂದಿತ್ತು. ಆಗ ಅವಳಿಗೆ ಇಪ್ಪತ್ತಾರು. ಗೋಣೆಪ್ಪನವರು ಜ್ವರ ಎಂದು ಬಂದಿರಲಿಲ್ಲ, ಕಲ್ಗೊಂದಿಯದೇ ಒಂದು ನಿವೇಶನದ ಪತ್ರವನ್ನು ಅವಳೊಬ್ಬಳೇ ಬರೆದು, ಕೊಳ್ಳುವವರ ವಕೀಲನಿಗೆ ಓದಿ ಹೇಳುತ್ತಿದ್ದಳು. ಉತ್ತರಕ್ಕೆ ಹುಡೇವು ಎಂದಳು. ವಕೀಲ ಚಹಾದ ಲೋಟ ಕೆಳಗಿಟ್ಟ. ಏನಂದ್ರಿ? ಹುಡೇವು ಸಾರ್. ಹಂಗಂದ್ರೆ ಏನಮ್ಮ, ತಿಂಡೀನಾ? ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವಳು ಹುಡೇವಿನ ನೆರಳಿನಲ್ಲಿ ಕುಂಟಾಬಿಲ್ಲೆ ಆಡಿದವಳು; ಮಣ್ಣು ಕಲ್ಲಿನ ಗುಂಡನೆಯ ಎತ್ತರದ ಕಾವಲುಗೋಪುರ, ಒಳಗೆ ಕತ್ತಲು, ಮೇಲೆ ಗಿಳಿ, ದಂಡು ಬಂದರೆ ಊರ ಹೆಂಗಸರು ಮಕ್ಕಳು ಅದರೊಳಗೆ ಸೇರಿ ಏಣಿ ಮೇಲಕ್ಕೆಳೆದುಕೊಳ್ಳುತ್ತಿದ್ದರಂತೆ. ಇಷ್ಟನ್ನು ಎರಡೇ ಮಾತಿನಲ್ಲಿ ಹೇಳಬಹುದಾಗಿತ್ತು. ಆದರೆ ಬಿ.ಎ. ಮಾಡಿದ, ಇಂಗ್ಲಿಷ್ ಪತ್ರವನ್ನೂ ತಪ್ಪಿಲ್ಲದೆ ಬರೆಯಬಲ್ಲ, ಆ ಸಾಲಿನಲ್ಲೇ ಮೊದಲ ಹೆಣ್ಣಾಗಿದ್ದ ತನ್ನನ್ನು ಆ ಒಂದು ಪದ ಸಗಣಿ ಮೆತ್ತಿದ ಕೈಯಂತೆ ಎಲ್ಲರೆದುರು ಹಿಡಿದೆತ್ತಿ ತೋರಿಸಿತು ಎನಿಸಿ, ಕಿವಿ ಬಿಸಿಯಾಗಿ, "ಹಳೇ ಪತ್ರದ್ದು ಸಾರ್, ತಿದ್ದುತ್ತೀನಿ" ಎಂದಳು. ಹುಡೇವು ಹೊಡೆದು ಖಾಲಿ ಜಾಗ ಎಂದು ಬರೆದಳು. ಯಾರೂ ಅವಳನ್ನು ಒತ್ತಾಯಿಸಿರಲಿಲ್ಲ. ಯಾರೂ ಏನನ್ನೂ ಕೊಡಲಿಲ್ಲ. ನಗು ನಿಂತರೆ ಸಾಕಾಗಿತ್ತು, ನಿಂತಿತು. ನಾಲ್ಕು ತಿಂಗಳಿಗೆ ಆ ಖಾಲಿ ಜಾಗದಲ್ಲಿ ಖಾಲಿಯಾಗಿಲ್ಲದೆ ನಿಂತಿದ್ದನ್ನು ಎರಡೇ ದಿನದಲ್ಲಿ ಕೆಡವಿ, ಕಲ್ಲನ್ನು ಪಾಯಕ್ಕೂ ಮಣ್ಣನ್ನು ರಸ್ತೆಗೂ ಸಾಗಿಸಿದರು. ಒಂದು ವಾರ ಗಿಳಿಗಳು ಅದೇ ಎತ್ತರದಲ್ಲಿ ಸುತ್ತು ಹಾಕುತ್ತಿದ್ದವು ಎಂದು ಅಪ್ಪ ಹೇಳಿದ್ದರು. ಅದು ನಿಜವೋ, ತನ್ನನ್ನು ಚುಚ್ಚಲು ಹೇಳಿದ್ದೋ ಗೊತ್ತಾಗಲಿಲ್ಲ.

ಆಮೇಲೆ ಅಜ್ಜಮ್ಮ ಬಂದಳು. ಹುಡೇವಿನ ಬುಡದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಮುದುಕಿ. ಜಗಳಕ್ಕೆ ಬಂದಿರಲಿಲ್ಲ. ಬೆಂಚಿನ ಮೇಲೆ ಕೂರದೆ ಹೊಸ್ತಿಲಲ್ಲಿ ಕುಕ್ಕರಿಸಿ, "ನಮ್ಮ ಮನೆಗೆ ಗೋಡೆ ಮೂರೇ ಕಣವ್ವ. ನಾಕನೇದು ಹುಡೇವು. ಅದು ಅಲ್ಲಿ ಇರ್ಲೇ ಇಲ್ಲ ಅಂತ ಕಾಗದದಾಗೆ ಐತಂತಲ್ಲ? ಹಂಗಾದ್ರೆ ನಾನು ನಲವತ್ತು ವರ್ಸ ಯಾವುದಕ್ಕೆ ಒರಗಿಸಿ ಒಲೆ ಹಚ್ಚಿದೆ, ಅದನ್ನೊಂದು ಬರ್ದು ಕೊಡು" ಎಂದಳು. ರುದ್ರಾಣಿ ಕಸುಬಿನ ದನಿಯಲ್ಲಿ, ಹಳೇ ಪತ್ರ ಇದ್ರೆ ತಗಂಬರ್ರಿ, ನೋಡಾನ, ಎಂದಿದ್ದಳು. "ಪತ್ರ ಇದ್ದೋರು ಮೂರು ಗೋಡೆ ಕಟ್ತಾರೇನವ್ವ?" ಎಂದು ಮುದುಕಿ ನಿಜವಾಗಿ ಸಂದೇಹ ಬಂದವಳಂತೆ ಕೇಳಿ, ಎದ್ದು ಹೋದಳು.

ಮಧ್ಯಾಹ್ನದ ಬಸ್ಸು ಹತ್ತಿ ರುದ್ರಾಣಿ ಕಲ್ಗೊಂದಿಗೆ ಹೋದಳು. ಏಕೆ ಹೋಗುತ್ತಿದ್ದೇನೆ ಎಂದು ಅವಳಿಗೇ ತಿಳಿಯದು. ತಮ್ಮನನ್ನು ಒಪ್ಪಿಸಲೋ, ತಾನೇ ಒಪ್ಪಿಕೊಂಡು ಹಗುರಾಗಲೋ. ಬಸವಾಪಟ್ಟಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಕಿಟಕಿಯಿಂದ ಗುಡ್ಡದ ಮೇಲಿನ ಕೋಟೆಗೋಡೆ ಕಾಣಿಸುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಸವಳಂಗದ ಹೆಂಗಸು ಅದರ ಕಡೆ ಬೆನ್ನು ಹಾಕಿ ಫೋನಿನಲ್ಲಿ ಯಾರಿಗೋ, "ಅವಳು ಮನಸಿನ ಸುತ್ತ ಕೋಟೆ ಕಟ್ಕಂಡಾಳೆ ಕಣೆ, ಒಳಗೆ ಬಿಟ್ಕಳಲ್ಲ" ಎನ್ನುತ್ತಿದ್ದಳು. ತಮ್ಮನ ಮನೆಯಲ್ಲಿ ಅವನ ಹೆಂಡತಿ ಅನ್ನಪೂರ್ಣ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡಳು. "ಬರ್ರಿ ಅಕ್ಕಾರೆ, ನಾಳೆ ಹೆಂಗೂ ಸಿಗ್ತಿದ್ರಿ, ಇವತ್ತೇ ಬಂದ್ರಲ್ಲ, ಬೋ ಚಲೋ ಆತು." ರೊಟ್ಟಿ ಬಡಿದು ಹಾಕುತ್ತಲೇ ಮಾತಾಡಿದಳು. ಮಂಡಕ್ಕಿಗೆ ಒಗ್ಗರಣೆ ಹಾಕಿ ಕೊಟ್ಟಳು, ಬೇಡವೆಂದರೂ ಮೊಸರು ಬಡಿಸಿದಳು, ಕೊನೆಗೆ ಬೀರು ತೆಗೆದು ಹಸಿರು ಅಂಚಿನ ಸೀರೆಯೊಂದನ್ನು ಬಿಚ್ಚಿ ಅವಳ ಭುಜದ ಮೇಲೆ ಹಾಕಿ ನೋಡಿ, "ನಾಳೆ ಅಂಗಡಿಗೆ ಹೋಗೋ ರಗಳೆ ಬ್ಯಾಡಂತ ಮೊದ್ಲೇ ತಂದಿಟ್ಟೀನಿ. ನಿಮ್ಮ ಮೈಬಣ್ಣಕ್ಕೆ ಒಪ್ತೈತೆ" ಎಂದಳು. ಪಾಪ, ಅವಳದು ನಿಜವಾದ ಪ್ರೀತಿಯೇ. ಅದಕ್ಕೇ ರುದ್ರಾಣಿಗೆ ಆ ಸೀರೆಯನ್ನು ಸರಿಸಲು ಕೈ ಬರಲಿಲ್ಲ. ಸಹಿಸೀರೆ ಎಂಬ ಪದ ಹುಟ್ಟಿಸಿದವಳ ಹೆಗಲ ಮೇಲೆ ಅದು ಕೊನೆಗೂ ಬಂದು ಕೂತಿತ್ತು, ತೂಕವಿಲ್ಲದೆ, ನುಣುಪಾಗಿ. ಚರಂಡಿಯ ವಿಷಯ ಎತ್ತಬೇಕೆಂದು ಬಾಯಿ ತೆರೆದರೆ ರೊಟ್ಟಿಯ ತುಣುಕು ಅಡ್ಡ ಬಂತು. ತಿಂದ ಮನೆಯಲ್ಲಿ ತಿನ್ನುತ್ತ ಕೂತೇ ಅಂಥ ಮಾತಾಡಲು ಯಾವ ಹೆಣ್ಣಿಗೆ ಬಾಯಿ ಬರುತ್ತದೆ? ಹಿತ್ತಲು ನೋಡ್ಕಂಡು ಬರ್ತೀನಿ ಎಂದು ಎದ್ದಳು.

ಹಿತ್ತಲಿನ ಅಂಚಿಗೆ ನಿಂತಾಗ ಮೊದಲು ತಿಳಿದದ್ದು ವಾಸನೆ. ಕೊಚ್ಚೆ ಹರಿಯುತ್ತಿತ್ತು, ತಮ್ಮ ಹೇಳಿದ್ದು ಸುಳ್ಳಲ್ಲ. ತಗ್ಗಿನ ನಡುವೆ ಒಂದು ಮೊಳ ಅಗಲದ ಕಪ್ಪುನೀರು. ಆದರೆ ಆ ಕಪ್ಪುನೀರಿನ ಎರಡೂ ಬದಿಗೆ ತಗ್ಗು ಅಷ್ಟಗಲ ಮೈಚಾಚಿ ಮಲಗಿತ್ತು. ದಡದ ಕಲ್ಲು ಒಂದೆರಡು ಕಡೆ ಮಾತ್ರ ಕಳಚಿತ್ತು. ಒಳಗೆ ಎಮ್ಮೆ ಕಟ್ಟಿದ್ದರು, ಮೆಂತ್ಯದ ಮಡಿ ಮಾಡಿದ್ದರು, ಬೆರಣಿ ತಟ್ಟಿದ್ದರು, ಒಂದು ಮೂಲೆಯಲ್ಲಿ ಕಬ್ಬಿಣದ ಕುರ್ಚಿ ಹಾಕಿ ಒಬ್ಬ ಮುದುಕನಿಗೆ ಕ್ಷೌರ ಮಾಡುತ್ತಿದ್ದರು. ಯಾರನ್ನೂ ಒಳಗೆ ಬಿಡಬಾರದೆಂದು ತೋಡಿದ್ದರೊಳಗೆ ಒಂದು ಓಣಿಯೇ ಇಳಿದು ಬದುಕುತ್ತಿತ್ತು. "ಏ ಶಿವಲೀಲಾ, ಕರ ಅಗಳಾಗೆ ಕಟ್ಟೇ, ಮೇಲೆ ಕಟ್ಬ್ಯಾಡ" ಎಂದು ಆಚೆ ದಡದಿಂದ ಯಾರೋ ಕೂಗಿದರು. ರುದ್ರಾಣಿ ನಿಂತಲ್ಲೇ ನಿಂತಳು. ಭಾಷಣವಿಲ್ಲ, ಬೋರ್ಡಿಲ್ಲ, ಮೋಡಿ ಅಕ್ಷರವಿಲ್ಲ. ಒಲೆ, ಬಚ್ಚಲು ಎನ್ನುವ ಹಾಗೆ ಅಗಳಾಗೆ ಎಂದು ಅಂದುಬಿಟ್ಟರು. ಕಾಗದದಲ್ಲಿ ಮಾತ್ರ ಉಳಿದಿದೆ ಎಂದು ತಾನು ಮೂವತ್ತೆರಡು ವರ್ಷ ಹೆಮ್ಮೆಯಿಂದ ಕಾಪಾಡಿಕೊಂಡು ಬಂದಿದ್ದ ಪದವನ್ನು ಇಲ್ಲಿ ದಿನಕ್ಕೆ ಹತ್ತು ಸಲ ಎಮ್ಮೆ ಕಟ್ಟಲು ಬಳಸುತ್ತಿದ್ದರು.

ಕೂಗಿದವಳು ಹನುಮಂತಮ್ಮ, ಅಜ್ಜಮ್ಮನ ಸೊಸೆ. ಅತ್ತೆ ಸತ್ತು ಇಪ್ಪತ್ತು ವರ್ಷವಾಗಿತ್ತು. ಹುಡೇವು ಬಿದ್ದ ಮೇಲೆ ಅವರ ಕುಟುಂಬ ಬಂದು ಸೇರಿಕೊಂಡದ್ದು ಈ ದಡಕ್ಕೆ. ಅವಳು ತಗ್ಗಿಗಿಳಿದು, ಕೊಚ್ಚೆ ದಾಟಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದು ನಿಂತಳು.

"ಪತ್ರದಕ್ಕಾರು! ಏನು, ಈ ಸಲ ನೋಡಾಕೇ ಬಂದೀರಿ?"

"ಬಂದೆ ಹನುಮಂತಮ್ಮ."

"ನೋಡ್ರಿ, ನೋಡ್ರಿ. ನಮ್ಮತ್ತೆ ಕಾಲಕ್ಕೆ ನೀವು ನೋಡ್ಲಿಲ್ಲ." ಅವಳು ನಗುತ್ತಲೇ ಇದ್ದಳು. "ನಾಳೆ ಇಲ್ಲಿಗೆ ಮಣ್ಣು ಬರ್ತೈತಂತೆ, ಹೌದಾ? ಆ ಜಗಳೂರಾತ ಬಂದು ಹೇಳಿ ಹೋದ, ಮೋರಿ ಮಾಡಿಸ್ತೀನಿ, ನಿಮಗೇ ಅನುಕೂಲ ಅಂತ. ಹೋದ ವರ್ಸ ಜೋರು ಮಳೆ ಬಂದಾಗ ಈ ಅಗಳು ಇಷ್ಟುದ್ದ ತುಂಬಿತ್ತು" ಎಂದು ತನ್ನ ಎದೆಯ ಮಟ್ಟ ತೋರಿಸಿದಳು. "ಈ ನೀರು ಅವನ ಮೋರಿ ಒಳಗೆ ಸಾಲು ಹಚ್ಚಿ ಹೋಗ್ತೈತೇನ್ರಿ, ನಿಮ್ಮ ಆಫೀಸಿನ ಟೋಕನ್ ತಗಂಡು?"

ರುದ್ರಾಣಿಗೆ ನಗು ಬಂತು, ಬಂದದ್ದಕ್ಕೆ ನಾಚಿಕೆಯಾಯಿತು. "ನಿಮ್ಮತ್ತೆ ಬಂದಿದ್ರು ನನ್ನ ಹತ್ರ. ನಾನೇ ಹೊಡೆದು ಹಾಕಿದ್ದು ಹುಡೇವು. ಪತ್ರದಾಗೆ" ಎಂದಳು. ಮೂವತ್ತು ವರ್ಷ ಯಾರಿಗೂ ಹೇಳದ್ದು ಎಮ್ಮೆಯ ಎದುರು ಇಷ್ಟು ಸಲೀಸಾಗಿ ಹೊರಬಿತ್ತಲ್ಲ ಎನಿಸಿತು.

"ಗೊತ್ತೈತೆ ಬಿಡ್ರಿ" ಎಂದಳು ಹನುಮಂತಮ್ಮ, ಹಳೇ ಸುದ್ದಿಗೆ ಬೇಸರಪಟ್ಟವಳಂತೆ. "ನಮ್ಮತ್ತೆ ಸಾಯೋ ತನಕ ಹೇಳೋಳು. ಆ ಹುಡುಗಿ ಮುಖ ನೋಡ್ದೆ, ಅವಳಿಗೂ ಗೋಡೆ ಬಿದ್ದಂಗೆ ಕಾಣ್ತಿತ್ತು ಅಂತ. ಈಗ ಅದಲ್ಲ ಮಾತು. ನಾಳೆ ಏನು ಮಾಡ್ತೀರಿ ಹೇಳ್ರಿ. ಏನೂ ಮಾಡಲ್ಲ ಅಂದ್ರೆ ಅದನ್ನಾದ್ರೂ ಹೇಳ್ರಿ, ಸಾಮಾನು ಎತ್ತಿಡ್ತೀವಿ."

ರುದ್ರಾಣಿ ದಡದ ಕಲ್ಲು ಹಿಡಿದು, ಸೀರೆ ಎತ್ತಿಕೊಂಡು, ಅಗಳಿಗೆ ಇಳಿದಳು. ಈ ದಡದಿಂದ ಆ ದಡಕ್ಕೆ ಹೆಜ್ಜೆ ಎಣಿಸುತ್ತ ನಡೆದಳು, ಹದಿನೇಳಾಯಿತು. ಚಪ್ಪಲಿ ಕೊಚ್ಚೆಯಲ್ಲಿ ಹೂತುಕೊಂಡಿತು. ಹನುಮಂತಮ್ಮ ಅದನ್ನು ಕಿತ್ತು, ಬಡಿದು, ಕೈಗೆ ಕೊಟ್ಟಳು. ಹಿಂದಿರುಗುವಾಗ ಹದಿನೆಂಟಾಯಿತು.

ಮರುದಿನ ಬೆಳಿಗ್ಗೆ ಗಂಗೋತ್ರಿ ಅಚ್ಚಾದ ಪತ್ರವನ್ನು ಗೋಡೆಯಾಚೆಯಿಂದ ತಾನೇ ತಂದು ಕೊಟ್ಟಳು. "ಅಕ್ಕಾ, ಅವರು ಹೇಳಿದಂಗೆ ಮಾಡೀನಿ. ನನ್ನ ಬೈಬ್ಯಾಡ." ಪೂರ್ವಕ್ಕೆ: ಚರಂಡಿ. ಚೊಕ್ಕ ಅಕ್ಷರ, ಒಂದು ಬಾಲವಿಲ್ಲ, ಒಂದು ಮಸಿಯಿಲ್ಲ. ನೋಂದಣಿ ಕಚೇರಿಯಲ್ಲಿ ತಮ್ಮ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ಅನ್ನಪೂರ್ಣ ಪಕ್ಕದಲ್ಲಿ ಜಾಗ ಹಿಡಿದಿದ್ದಳು. ಅಲ್ಲಿನ ಜವಾನನಿಂದ ಹಿಡಿದು ಎಲ್ಲರೂ ರುದ್ರಾಣಿಗೆ ಕೈಮುಗಿದು, ಇವತ್ತು ಯಾರ ಪಾರ್ಟಿ ಮೇಡಂ ಎಂದು ಕೇಳಿದರು. ನಾನೇ ಎಂದಳು. ಅವರು ನಕ್ಕು ಮುಂದೆ ಹೋದರು. ನಾನೇ ಎಂಬ ಉತ್ತರ ಆ ಕಚೇರಿಯಲ್ಲಿ ಅವಳ ಬಾಯಿಂದ ಅವರು ಎಂದೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಮೇಜಿನ ಈ ಬದಿಯಲ್ಲಿ ನಿಂತು ಪಿಸುಮಾತಿನಲ್ಲಿ ಹೂಂ ಅನ್ರಿ, ಹೂಂ ಅನ್ರಿ ಎಂದು ಹೇಳಿಕೊಡುತ್ತಿದ್ದವಳು ಇವತ್ತು ಕ್ಯಾಮೆರಾದ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಕುರ್ಚಿ ಇಷ್ಟು ತಗ್ಗಾಗಿದೆ ಎಂದು ಗೊತ್ತಿರಲಿಲ್ಲ. ಕೂತವರು ತಾವಾಗಿಯೇ ಕತ್ತೆತ್ತಿ ದೀನರಾಗಿ ನೋಡಬೇಕಾಗುತ್ತದೆ. ಸಾವಿರಾರು ಹೆಂಗಸರ ಮುಖದಲ್ಲಿ ಕಂಡ ಆ ನೋಟ ಭಯದ್ದೆಂದು ತಿಳಿದಿದ್ದೆನಲ್ಲ, ಅರ್ಧ ಈ ಕುರ್ಚಿಯದು, ಎಂದುಕೊಂಡು ಅವಳು ಬೆನ್ನು ನೆಟ್ಟಗೆ ಮಾಡಿದಳು.

ಅಧಿಕಾರಿ ಹಾಳೆ ತಿರುವಿ ಎಲ್ಲರಿಗೂ ಕೇಳುವಂತೆ ಕೇಳಿದರು: "ಓದಿಸಿ ಕೇಳಿದ್ದೀರಾ? ನಿಮ್ಮ ಒಪ್ಪಿಗೆಯಿಂದ ಬರೆಸಿದ್ದಾ?"

"ಹೌದು ಸಾರ್" ಎಂದ ತಮ್ಮ.

"ನೀವು ಮೇಡಂ? ನಿಮಗೇನು ಕೇಳೋದು, ಆದ್ರೂ ಕೇಳಬೇಕಲ್ಲ" ಎಂದು ಅವರು ಮುಗುಳ್ನಕ್ಕರು.

"ಓದಿದ್ದೀನಿ ಸಾರ್. ಒಪ್ಪಿಗೆ ಇಲ್ಲ."

ಕೀಬೋರ್ಡಿನ ಸದ್ದು ನಿಂತಿತು. ಅನ್ನಪೂರ್ಣ ಅಕ್ಕಾರೆ ಎಂದು ಮಣಿಕಟ್ಟು ಹಿಡಿದಳು. ತಮ್ಮ ಮೆಲ್ಲಗೆ, ಹಲ್ಲಿನ ನಡುವೆ, "ಅಕ್ಕಾ, ಜನ ನೋಡ್ತಾರೆ" ಎಂದ. ನೋಡಲಿ ಎಂದು ಅವಳಿಗೆ ಅನಿಸಿತು. ಹುಡೇವು ಎಂಬ ಪದಕ್ಕೆ ಬೆಂಚು ನಕ್ಕ ದಿನ ಇದೇ ಜನ ನೋಡುತ್ತಾರೆಂದೇ ಅವಳು ತಿದ್ದಿದ್ದಳು. "ಪೂರ್ವದ ಚಕ್ಕುಬಂದಿ ತಪ್ಪೈತೆ. ಅಲ್ಲಿರೋದು ಚರಂಡಿ ಅಲ್ಲ, ಊರ ಕೋಟೆ ಅಗಳು. ನಿನ್ನೆ ಇಳಿದು ನಡೆದು ನೋಡಿ ಬಂದೀನಿ" ಎಂದಳು, ಕ್ಯಾಮೆರಾಕ್ಕೂ ಕೇಳುವಷ್ಟು ಜೋರಾಗಿ. ಹಿಂದೆ ಸಾಲಿನಲ್ಲಿ ಯಾರೋ ಅಗಳಂದ್ರೆ ಏನಂತೆ ಎಂದು ಪಕ್ಕದವನನ್ನು ಕೇಳಿದರು, ಯಾರೋ ಕಿಸಕ್ಕೆಂದರು. ರುದ್ರಾಣಿ ಕುರ್ಚಿಯಲ್ಲೇ ತಿರುಗಿ, ನಕ್ಕವನ ಮುಖ ಹುಡುಕಿ, ನಿಧಾನವಾಗಿ ಹೇಳಿದಳು: "ನಲವತ್ತಡಿ ಅಗಲದ ತಗ್ಗು ಕಣಪ್ಪ. ಹನ್ನೊಂದು ಮನೆ ಅದನ್ನ ನಂಬ್ಕಂಡು ಅದಾವೆ." ನಗು ನಿಂತಿತು. ಅಧಿಕಾರಿ ಪತ್ರ ಮಡಚಿ ತಮ್ಮನ ಕಡೆ ಸರಿಸಿ, ಒಪ್ಪಿಗೆ ಇಲ್ಲದೆ ನಾನೇನೂ ಮಾಡೋಕಾಗಲ್ಲ, ನಿಮ್ಮಲ್ಲೇ ತೀರ್ಮಾನ ಮಾಡ್ಕೊಂಡು ಬನ್ನಿ ಎಂದು ಮುಂದಿನವರನ್ನು ಕರೆದರು.

ಹೊರಗೆ ಮೆಟ್ಟಿಲ ಮೇಲೆ ತಮ್ಮನ ಮುಖ ಬೂದಿಯಾಗಿತ್ತು. ಅವಮಾನವನ್ನು ಹೇಗೆ ಹೊರಬೇಕೆಂದು ಅವನಿಗೆ ರೂಢಿಯಿರಲಿಲ್ಲ. ಆ ಅಭ್ಯಾಸ ಇದ್ದವಳು ಅಕ್ಕ. "ಏನು ಸಾಧಿಸ್ದಿ? ಹೇಳು, ಏನು ಸಾಧಿಸ್ದಿ? ಇನ್ಮೇಲೆ ನಿನಗೆ ತವರು ಅಂತ ಒಂದು ಐತೆ ಅನ್ನೋದು ಮರೆತುಬಿಡು" ಎಂದ. ಅನ್ನಪೂರ್ಣ ಅಳುತ್ತಿದ್ದಳು. ನಿಂಗರಾಜ್ ಮಾತ್ರ ವ್ಯಾಪಾರಸ್ಥನ ತಾಳ್ಮೆಯಲ್ಲಿ ನಡುವೆ ಬಂದ. "ಬಿಡ್ರಿ ಗುರಣ್ಣ. ಮೇಡಮ್ಮೋರು ಇವತ್ತು ಬ್ಯಾಸರದಾಗದಾರೆ. ನಾಲ್ಕು ದಿನ ಬಿಟ್ಟು ಕೂರಾನ. ಹೆಣ್ಣುಮಕ್ಕಳು ತವರು ಬಿಟ್ಟು ಎಲ್ಲಿಗೆ ಹೋಗ್ತಾರೆ?"

ನಾಲ್ಕು ದಿನ. ಅವನು ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಹಬ್ಬ ಬರುತ್ತದೆ, ಅನ್ನಪೂರ್ಣ ಫೋನು ಮಾಡುತ್ತಾಳೆ, ಕಣ್ಣೀರು ಬರುತ್ತದೆ, ಸಹಿ ಬೀಳುತ್ತದೆ. ಇಲ್ಲ ಎಂಬ ಮಾತಿಗೆ ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವ ತ್ರಾಣವಿಲ್ಲ. ನಿಲ್ಲುವಂಥದ್ದು ಬೇರೆ ಒಂದಿದೆ, ಅದನ್ನು ಆಡಿದ ಹೆಣ್ಣನ್ನು ಊರು ಏನೆಂದು ಕರೆಯುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಹಾಗೆ ಕರೆಸಿಕೊಂಡವರು ಬೆಂಚಿನಿಂದ ಎದ್ದು ಹೋದ ಮೇಲೆ ತಾನೂ ಗೋಣೆಪ್ಪನವರೂ ಹುಬ್ಬು ಹಾರಿಸಿದ್ದುಂಟು. ಬಿಸಿಲು ಏರುತ್ತಿತ್ತು. ಅವಳು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿ ತಮ್ಮನ ಕಣ್ಣಿನ ಮಟ್ಟಕ್ಕೆ ಬಂದು ನಿಂತಳು.

"ಗುರು, ನನ್ನ ಪಾಲು ಕೊಡು."

ಅವನಿಗೆ ಕೇಳಿಸಿತು, ತಿಳಿಯಲಿಲ್ಲ. "ಏನು?"

"ಹಿತ್ತಲಾಗೆ ಅರ್ಧ ನಂದು. ಅರ್ಧ ಬ್ಯಾಡ. ಪೂರ್ವದ ಅಂಚಿಗೆ, ಅಗಳ ದಡಕ್ಕೆ ತಾಗಿ, ಉದ್ದಕ್ಕೂ, ಇಪ್ಪತ್ತಡಿ ಪಟ್ಟಿ ಬಿಟ್ಟುಕೊಡು. ಮಿಕ್ಕಿದ್ದು ನೀನು ಯಾರಿಗಾದ್ರೂ ಮಾರು, ಏನಾದ್ರೂ ಕಟ್ಟಿಸು, ಕೇಳಾಕೆ ಬರಲ್ಲ."

ಅನ್ನಪೂರ್ಣ ಅಳು ನಿಲ್ಲಿಸಿದಳು. ಪಾಲು ಎಂಬ ಪದ ಮೆಟ್ಟಿಲ ಮೇಲೆ ಬಿದ್ದ ಹಾವಿನ ಮರಿಯಂತೆ ಎಲ್ಲರ ನಡುವೆ ಇತ್ತು. ತಮ್ಮ ಒಂದು ಹೆಜ್ಜೆ ಹಿಂದೆ ಸರಿದ. ಅವನು ಇನ್ನು ಅಕ್ಕಾ ಎನ್ನುವುದಿಲ್ಲ ಎಂಬುದು ರುದ್ರಾಣಿಗೆ ಅವನ ಕಣ್ಣಿನಲ್ಲೇ ಕಾಣಿಸಿತು, ಆದರೂ ಅವಳು ಮೆಟ್ಟಿಲಿನಿಂದ ಇಳಿಯಲಿಲ್ಲ. ನಿಂಗರಾಜ್ ಮೊದಲ ಸಲ ನಗುವುದನ್ನು ಬಿಟ್ಟ.

"ಆ ಕೊಚ್ಚೆ ಅಂಚು ಇಟ್ಕಂಡು ಏನು ಮಾಡ್ತೀರಿ ಮೇಡಂ? ಒಂದು ಮನೆ ಕಟ್ಟಾಕೂ ಬರಲ್ಲ, ಒಂದು ಗಿಡ ನೆಡಾಕೂ ಬರಲ್ಲ."

"ಪತ್ರ ಬರೀತೀನ್ರಿ. ನಂದೇ ಪತ್ರ" ಎಂದಳು ರುದ್ರಾಣಿ. "ಪೂರ್ವಕ್ಕೆ ಏನೈತೆ ಅಂತ ನಾನು ಬರೀಬೇಕು, ನೀವು ಓದ್ಕಬೇಕು."